ಮಾವನ ಜಗಳಗಂಟ ಜೀವಕೋಶಗಳು

ಹುನ್ನೂರಿನ ನಮ್ಮ ಸೋದರಮಾವನಿಂದ ಒಂದು 'ಹೂಂ' ಹೊರಡಿಸಿದವರು ಇನ್ನೂ ಹುಟ್ಟಿಲ್ಲ! ಕುರಿ ಕಾಯುವ ಮನುಷ್ಯ. ಕುರಿಗಳು ಎದುರು ಮಾತಾಡುವುದಿಲ್ಲವೆಂದೇ ಆ ಕಸುಬು ಬಿಟ್ಟಿಲ್ಲವೆಂದು ಊರವರ ಅಂಬೋಣ. ಜಮಖಂಡಿ ಬಸ್ಸಿನಲ್ಲಿ ಕಂಡಕ್ಟರು "ಮುಂದ ಸರೀರಿ" ಎಂದರೆ, "ಬಸ್ಸೇ ಮುಂದ ಹೊಂಟೈತಿ, ನಾ ಮತ್ಯಾಕ ಸರೀಲಿ?" ಎನ್ನುತ್ತಾನೆ. ಇದಕ್ಕೇನು ಉತ್ತರ ಕೊಡುತ್ತೀರಿ?

ನನ್ನ ಮದುವೆಯಲ್ಲಿ, ಹೋಳಿಗೆಗೆ ಮೊದಲು ತುಪ್ಪವೋ ಹಾಲೋ ಎಂದು ನಮ್ಮವ್ವನೊಡನೆ ಜಗಳ ತೆಗೆದ. ಅವ್ವ ಹಾಲು ಎಂದಳು. ಅಷ್ಟೇ! ಆರು ವರ್ಷ ತನ್ನ ಅಕ್ಕನ ಹೊಸ್ತಿಲು ತುಳಿಯಲಿಲ್ಲ, ಮಾತೂ ಆಡಲಿಲ್ಲ.

ಹೋದ ವರ್ಷ ಅವ್ವನಿಗೆ ರಕ್ತದ ಕಾಯಿಲೆ ಬಂತು. ಒಡಹುಟ್ಟಿದವರಲ್ಲಿ ಯಾರದಾದರೂ ಅಸ್ಥಿಮಜ್ಜೆ ಹೊಂದಿದರೆ ಉಳಿಯುತ್ತಾಳೆ ಎಂದರು ಡಾಕ್ಟರು. ಸಕ್ಕರೆಯಂಥ ದೊಡ್ಡಮಾವನದು ಹೊಂದಲಿಲ್ಲ. ಮುಧೋಳದ ಚಿಕ್ಕವ್ವನದೂ ಇಲ್ಲ. ಸುದ್ದಿ ಕೇಳಿ ಕರೆಯದೇ ಬಂದು ರಕ್ತಪರೀಕ್ಷೆಗೆ ತೋಳು ಚಾಚಿದ್ದ ಈ ಮಹಾರಾಯನದು ಪೂರ್ತಿ ಹೊಂದಿತು!

ಡಾಕ್ಟರು ಮಾವನಿಗೆ ಬಿಡಿಸಿ ಹೇಳಿದರು: "ಕುತ್ತಿಗಿ, ಕಂಕಳದಾಗ ಸಣ್ಣ ಗಂಟು ಇರ್ತಾವ್ರಿ, ದುಗ್ಧಗ್ರಂಥಿ, ಮೈಗೆ ಕಾವಲು ಚೌಕಿ ಇದ್ದಂಗ. ಹೊರಗಿಂದ ಬಂದ ಕೋಶದ ಗುರುತು ಹೊಂದಲಿಲ್ಲಂದ್ರ, ಅಲ್ಲಿಗೆ ಮುಟ್ಟೂದ್ರಾಗ ಮೈಯಾಗಿನ ಕಾವಲು ಕೋಶ ಅದನ್ನ ಕೊಂದ್ಬಿಡ್ತಾವು. ನಿಮ್ಮವು ಹೊಂದ್ಯಾವು."

"ಬ್ಯಾರೆ ಹಿಂಡಿನ ಕುರಿ ಬಂದ್ರ ಟಗರು ಹಾಯ್ದಂಗ ಏನ್ರಿ?"

"ಬರೋಬ್ಬರಿ ಹಂಗ!"

"ಹಂಗ ಅಲ್ರಿ! ಟಗರು ಹಾಯ್ತೈತಿ, ಕೊಲ್ಲೂದಿಲ್ಲ."

ಹೋಲಿಕೆ ಕೊಟ್ಟವನೇ ಅವನು, ಒಪ್ಪದವನೂ ಅವನೇ!

ಮಜ್ಜೆ ಕೊಟ್ಟಾಯಿತು. ಅದು ಅವ್ವನ ಮೈಗೆ ಹತ್ತಬೇಕಿತ್ತು. ಊರಿಗೆ ಹೋಗೆಂದರೂ ಮಾವ ಆಸ್ಪತ್ರೆಯ ಬೆಂಚು ಬಿಡಲಿಲ್ಲ. ಒಂದು ಮಧ್ಯಾಹ್ನ ದನಿ ತಗ್ಗಿಸಿ ನನ್ನನ್ನು ಕೇಳಿದ: "ಯವ್ವಾ, ನನ್ನ ಕೋಶಕ್ಕೂ ನನ್ನ ಗುಣಾನ ಇದ್ರ? ಅಕ್ಕನ ಮೈಯಾಗ ಹೊಕ್ಕು ಜಗಳಾ ತಗದ್ರ?"

ನಗು ಬಂತು. ಅವನ ಕಣ್ಣು ನೋಡಿ ನುಂಗಿಕೊಂಡೆ. ಡಾಕ್ಟರನ್ನು ಕೇಳಿದರೆ, ಎಷ್ಟೇ ಹೊಂದಿದ್ದರೂ ಒಮ್ಮೊಮ್ಮೆ ಹಾಗಾಗುವುದುಂಟಂತೆ. ಮಾವನಿಗೆ ಅದನ್ನು ಹೇಳಲಿಲ್ಲ.

ಮೂರನೆಯ ವಾರ ಅವ್ವನಲ್ಲಿ ಹೊಸ ರಕ್ತ ಹುಟ್ಟತೊಡಗಿತು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಮಾವನನ್ನು ಗಾಜಿನ ಕಿಟಕಿಯ ಹೊರಗೆ ನಿಲ್ಲಿಸಿ ಕೈಗೆ ಫೋನು ಕೊಟ್ಟೆ. ಆಚೆಯಿಂದ ಅವ್ವ ಫೋನೆತ್ತಿ ಕೇಳಿದಳು:

"ಉಂಡೀಯೇನೋ?"

"ಹೂಂ, ಉಂಡೇನ್ಬೇ, ಅಕ್ಕಾ."

ಬೆಳಗಿನಿಂದ ಅವನ ಹೊಟ್ಟೆಗೆ ಒಂದು ಕಪ್ ಚಹಾ ಬಿಟ್ಟು ಏನೂ ಬಿದ್ದಿರಲಿಲ್ಲ.