ನಮ್ಮಕ್ಕನ ಜಗಳಕ್ಕೆ ಸಮಯ ಕೊಟ್ಟ ಎಪಿಐ ಅವರಿಗೆ

ಇಮೇಲ್‌ಗೂ ಕ್ಯಾಲೆಂಡರಿಗೂ ನಡುವೆ ನಿದ್ದೆಯಿಲ್ಲದೆ ಓಡಾಡಿ ಎರಡನ್ನೂ ಬೆಸೆಯುವ ಕಂಪ್ಯೂಟರಿನ ಕೊಂಡಿಯಾದ ಮಾನ್ಯ ಎಪಿಐ ಅವರೇ,

ಹಲ್ಲಿನ ವೈದ್ಯನಾದ ನಾನು ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ಕ್ಷೇಮವೆಂದು ಬಲ್ಲೆ. ತಮ್ಮ ದೆಸೆಯಿಂದ ನಾನು ಬೆವರಿ ಒದ್ದೆಯಾಗಿದ್ದೇನೆ. ಕ್ಲಿನಿಕ್ಕಿಗೆ ಬರುವ ಇಮೇಲ್ ಓದಿ, ರೋಗಿ ಕೇಳಿದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದು, ತಾವೇ ಉತ್ತರವನ್ನೂ ಕಳಿಸುವಿರೆಂದು ನನ್ನ ಅಳಿಯ ತಮ್ಮನ್ನು ತಂದು ಜೋಡಿಸಿದಾಗ, ತಾವು ಕೇಳಿದ ಅನುಮತಿಗಳಿಗೆಲ್ಲ ಕಣ್ಣುಮುಚ್ಚಿ ಹೂಂ ಎಂದವನು ನಾನೇ.

ಈಗ ವಿಷಯಕ್ಕೆ ಬರುತ್ತೇನೆ. ತನ್ನ ಮಗಳ ಮದುವೆಯಲ್ಲಿ ಫೋಟೋಗೆ ನಿಂತಿದ್ದ ಅಕ್ಕನಿಗೆ, ಎಡಗಡೆಯ ಹಲ್ಲು ಹುಳುಕಾಗಿದೆ, ತುಟಿ ಮುಚ್ಚಿ ನಗು ಎಂದು ಎಲ್ಲರೆದುರು ಉಚಿತ ಸಲಹೆ ಕೊಟ್ಟಿದ್ದೆ. ಅಂದಿನಿಂದ ಮಾತು ಬಿಟ್ಟಳು. ಅಮ್ಮನಿಲ್ಲದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಅವಳ ಬೈಗುಳವಿಲ್ಲದೆ ನನಗೆ ಊಟ ರುಚಿಸುತ್ತಿರಲಿಲ್ಲ. ಕೊನೆಗೊಮ್ಮೆ ಕ್ಲಿನಿಕ್ಕಿನ ಇಮೇಲ್ ವಿಳಾಸಕ್ಕೇ ಬರೆದಳು: ಶನಿವಾರ ಸಂಜೆ ಬಂದು ನಿನ್ನ ಗ್ರಹಚಾರ ಬಿಡಿಸುತ್ತೇನೆ, ಆಮೇಲೆ ನಿನಗೂ ನನಗೂ ಸಂಬಂಧವಿಲ್ಲ.

ತಮ್ಮ ದಕ್ಷತೆಯನ್ನು ಎಷ್ಟು ಹೊಗಳಿದರೂ ಸಾಲದು. ನಾನು ನೋಡುವ ಮೊದಲೇ ತಾವು 'ಗ್ರಹಚಾರ ಬಿಡಿಸುವುದು, ಅರ್ಧ ಗಂಟೆ' ಎಂದು ಕ್ಯಾಲೆಂಡರಿನಲ್ಲಿ ಬರೆದು, 'ನಿಮ್ಮ ಭೇಟಿ ಖಚಿತವಾಗಿದೆ, ದಯವಿಟ್ಟು ಹಲ್ಲುಜ್ಜಿಕೊಂಡು ಬನ್ನಿ' ಎಂದು ಅವಳಿಗೆ ತಿಳಿಸಿದಿರಿ. ಉರಿಯುವ ಬೆಂಕಿಗೆ ಇಷ್ಟು ವಿನಯದಿಂದ ತುಪ್ಪ ಸುರಿದವರನ್ನು ನಾನು ಕಂಡಿಲ್ಲ.

ಅವಳು ಬಂದಳು. ರೋಗಿಗಳ ನಡುವೆ ಬೆಂಚಿನ ಮೇಲೆ ಕಾದು ಕೂತಳು. ಸರದಿ ಬಂದಾಗ ಕುರ್ಚಿಯಲ್ಲಿ ಒರಗಿ, ತಮ್ಮ ಉತ್ತರವನ್ನು ಫೋನಿನಲ್ಲಿ ತೋರಿಸಿ, ಬೈಯಲೆಂದು ಬಾಯಿ ತೆರೆದವಳು ತಡೆಯಲಾರದೆ ನಕ್ಕುಬಿಟ್ಟಳು. "ಬೈಯೋದಕ್ಕೂ ಹಲ್ಲುಜ್ಜಿಕೊಂಡು ಬಂದಿದೀನಿ ಕಣೋ. ಆ ಹಲ್ಲು ತುಂಬ ನೋಯ್ತಿದೆ, ನೋಡು" ಎಂದಳು. ನನಗೆ ಅಳು ಬಂತು. ಸಹಾಯಕಿಗೆ ಔಷಧಿಯ ಘಾಟು ಎಂದು ಹೇಳಿದೆ.

ಆದಕಾರಣ ಇನ್ನು ಮುಂದೆ ಬಂಧುಗಳ ಜಗಳಕ್ಕೆ ಅರ್ಧ ಗಂಟೆಯ ಬದಲು ಇಡೀ ಮಧ್ಯಾಹ್ನ ಕಾದಿರಿಸಬೇಕೆಂದೂ, ಇನ್ನೂ ಆರದ ಭಾವನವರ ಸಿಟ್ಟನ್ನು ಮುಂದಿನ ವರ್ಷಕ್ಕೆ ಸರಿಸಬೇಕೆಂದೂ, ಕೈಲಾದರೆ ಆ ಮದುವೆಯ ದಿನಕ್ಕೆ ಹಿಂದಿರುಗಿ ನನ್ನ ಸಲಹೆಯನ್ನು ಅಳಿಸಿಹಾಕಬೇಕೆಂದೂ ಪ್ರಾರ್ಥಿಸುತ್ತೇನೆ.

ತಮ್ಮ ವಿಶ್ವಾಸಿ,
ಉಚಿತ ಸಲಹೆ ನಿಲ್ಲಿಸಿರುವ ಹಲ್ಲಿನ ವೈದ್ಯ

ತಾ.ಕ.: ಅಕ್ಕನಿಗೆ ತಾವು ಮರುತಪಾಸಣೆಗೆಂದು ಆರು ತಿಂಗಳ ನಂತರದ ದಿನ ಗೊತ್ತುಮಾಡಿದ್ದೀರಿ. ಅವಳೋ ಇವತ್ತೇ ಹೇಳದೆ ಕೇಳದೆ ಮನೆಗೆ ಬಂದು, ಅಡುಗೆಮನೆಯಲ್ಲಿ ಕೂತು ನನ್ನ ಹೆಂಡತಿಗೆ ನನ್ನ ಮೇಲೆ ಚಾಡಿ ಹೇಳುತ್ತಿದ್ದಾಳೆ. ದಯಮಾಡಿ ಇದನ್ನು ಕ್ಯಾಲೆಂಡರಿನಲ್ಲಿ ಬರೆಯಬೇಡಿ. ಬರೆದರೆ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಕೇಳುತ್ತೀರಿ.