ಡಪ್ಪು ಕಾಸಲು ಹೋದ ಹರದೇಶಿ

ಜಗಳವನ್ನೇ ಉದ್ಯೋಗ ಮಾಡಿಕೊಂಡ ಇಬ್ಬರ ಹಿಂದೆ ತುಂತುಣಿ ಹಿಡಿದು ತಿರುಗುವವನಿಗೆ ನಗೆಪಾಟಲಿಗೇನು ಬರವೇ? ಒಂದನ್ನು ಮರೆಯುವಷ್ಟರಲ್ಲಿ ಇನ್ನೊಂದು ಹಾಜರು.

ಹಗಲು ನಾನು ಅರಭಾವಿಯಲ್ಲಿ ರಸ್ತೆ ಬದಿಗೆ ಸಸಿ ಮಾರುವವನು. ಹಾಡಿಕೆಗೆ ಕರೆ ಬಂತೆಂದರೆ ಸಸಿಗಳನ್ನು ಹೆಂಡತಿಗೆ ಒಪ್ಪಿಸಿ ಗೀಗೀ ಮೇಳಕ್ಕೆ ಹೊರಟುಬಿಡುತ್ತೇನೆ. ಗೀಗೀ ಎಂದರೆ ಎರಡು ಮೇಳ, ಒಂದು ವಾದ. ಹರದೇಶಿ ಮೇಳ ಗಂಡು ಹೆಚ್ಚು ಎಂದು ಹಾಡಬೇಕು, ನಾಗೇಶಿ ಮೇಳ ಹೆಣ್ಣು ಹೆಚ್ಚು ಎಂದು ಹಾಡಬೇಕು. ಒಬ್ಬರು ಹಾಕಿದ ಸವಾಲಿಗೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ನಮ್ಮ ಹರದೇಶಿ, ಕೌಜಲಗಿ ಕಡೆಯ ಕಾಕಾ. ಎದುರಾಳಿ ನಾಗೇಶಿ, ಘೋಡಗೇರಿಯ ಅಕ್ಕ. ನಾನು ಕಾಕಾನ ಹಿಂದೆ ನಿಂತು ತುಂತುಣಿಯ ಒಂದೇ ತಂತಿ ಮೀಟುತ್ತ "ಗೀಯ ಗಾ ಗೀಯ" ಎನ್ನುವವನು. ಕಾಕಾ ನಿಜ ಹಾಡಿದರೂ ನನ್ನದು ಗೀ, ಸುಳ್ಳು ಹಾಡಿದರೂ ಗೀ. ಮನೆಯಲ್ಲಿ ಹೆಂಡತಿಯ ಮುಂದೂ ಇದನ್ನೇ ರೂಢಿ ಮಾಡಿಕೊಂಡಿದ್ದರಿಂದ ಸಂಸಾರ ಸುಸೂತ್ರವಾಗಿ ನಡೆದಿದೆ.

ಎಷ್ಟು ಸವಾಲು ಬಂದರೂ ಕಾಕಾ ಹೆದರುವವರಲ್ಲ. ಆದರೆ ಅಕ್ಕನ ಒಂದು ಸವಾಲಿಗೆ ಮಾತ್ರ ಅವರಲ್ಲಿ ಜವಾಬು ಇರಲಿಲ್ಲ.

ಎದುರಿಗಿ ನಾನು ಇಲ್ಲದ ದಿನಾ
ಗೆಲ್ಲಾಂವ ಯಾರನ ಹೇಳೋ ಜಾಣಾ

ಇದು ಬಂದ ಕೂಡಲೇ ಕಾಕಾ ಹೆಬ್ಬೆರಳಿನಿಂದ ಡಪ್ಪಿನ ಚರ್ಮ ಒತ್ತಿ ನೋಡಿ, "ಡಪ್ಪು ಸಡಲ ಆಗೇತ್ರಿ, ಕಾಸ್ಕೊಂಡ ಬರ್ತೇನಿ" ಎಂದು ಎದ್ದು ಹೋಗುತ್ತಿದ್ದರು. ಥಂಡಿಗೆ ಡಪ್ಪಿನ ಚರ್ಮ ಸಡಿಲಾಗುವುದು ನಿಜ, ಬೆಂಕಿಗೆ ಹಿಡಿದರೆ ಬಿಗಿಯಾಗುವುದೂ ನಿಜ. ಆದರೆ ಅದು ಸರಿಯಾಗಿ ಇದೇ ಸವಾಲಿಗೆ ಸಡಿಲಾಗುವುದು ಹೇಗೆಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. "ಸೋತೆ" ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಈ ಪ್ರಸಂಗಗಳನ್ನು ಹೇಳಿ ಮಂದಿಯನ್ನು ನಗಿಸುವಾಗೆಲ್ಲ ನನಗೆ ಅದೇ ಕೆಡುಕೆನಿಸುತ್ತದೆ.

ಒಂದೇ ಗಾಡಿ

ಎರಡೂ ಮೇಳದವರು ಒಂದೇ ಕ್ರೂಸರ್ ಗಾಡಿಯಲ್ಲಿ ಹೋಗುವುದು ನಮ್ಮ ಪದ್ಧತಿ. ಹುಕ್ಕೇರಿ ಕಡೆಯ ಒಂದು ಊರಿಗೆ ಮೊದಲ ಸಲ ಹೋದಾಗ, ಗಾಡಿ ಊರ ಅಗಸಿ ಬಾಗಿಲಲ್ಲಿ ನಿಂತ ಹೊತ್ತಿಗೆ ಅಕ್ಕ ಪೇರಲ ಹಣ್ಣು ಹೆಚ್ಚಿ, ಉಪ್ಪು ಖಾರ ಹಚ್ಚಿ, ಕಾಕಾನ ಕೈಗೆ ಕೊಡುತ್ತಿದ್ದರು. ಕರೆದೊಯ್ಯಲು ಬಂದ ಊರ ಹಿರಿಯರ ಮುಖ ಸಣ್ಣದಾಯಿತು.

"ಜೋಡೀಲೆ ಹಣ್ಣ ತಿನ್ಕೋತ ಬಂದವ್ರು ಜಗಳಾ ಏನ ಆಡ್ತೀರಿ? ನಮ್ಮ ಮಂದಿ ಖರೇ ಜಗಳಾ ನೋಡಾಕ ಕುಂತಾರ್ರಿ."

ಈ ಮಾತು ಕಾಕಾನಿಗೆ ಚುಚ್ಚಿತು. ಮರುವರ್ಷ ಅದೇ ಊರಿಗೆ ಹೋಗುವಾಗ ಊರು ಇನ್ನೂ ದೂರ ಇರುವಾಗಲೇ ಗಾಡಿಯಿಂದ ಇಳಿದು, "ನೀವು ಮುಂದ ನಡೀರಿ, ನಾ ನಡ್ಕೋತ ಬರ್ತೇನಿ" ಎಂದರು. ಬಗಲಲ್ಲಿ ಡಪ್ಪು ಹಿಡಿದು ಕಬ್ಬಿನ ಹೊಲಗಳ ನಡುವೆ ಒಬ್ಬರೇ ಹೊರಟರು. ಅದೇ ಊರಿನ ರೈತನೊಬ್ಬ ಬೈಕ್ ನಿಲ್ಲಿಸಿದ.

"ಆ ಘೋಡಗೇರಿ ಅಕ್ಕಾರ ಎದುರ ಹಾಡಾವ್ರು ನೀವ ಅಲ್ರಿ?"

"ಹೌದಪಾ, ನಾನ."

"ಹೋದ ವರ್ಷ ಕೇಳೇನ್ರಿ. ನಿಮ್ಮನ್ನ ನೋಡಿ ಭಾಳ ಕೆಟ್ಟ ಅನಸ್ತು. ಕುಂಡ್ರಿ."

ಕಾಕಾ ಕುಳಿತರು. ಬೈಕ್ ಹಿಂದಕ್ಕೆ ತಿರುಗಿದಾಗ ಯಾವುದೋ ಒಳದಾರಿ ಇರಬೇಕು ಎಂದುಕೊಂಡರು. ಅದು ಹೋಗಿ ನಿಂತದ್ದು ಬಸ್ ಸ್ಟ್ಯಾಂಡಿನಲ್ಲಿ.

"ಗೋಕಾಕ ಬಸ್ ಇಲ್ಲೇ ಬರ್ತೈತ್ರಿ. ಮರ್ಯಾದಿಲೆ ಮನಿಗಿ ಹೋಗಿಬಿಡ್ರಿ. ನಾ ಯಾರ ಮುಂದೂ ಹೇಳೂದಿಲ್ಲ."

ಬಾಯಿ ಯಾರದು

ಮೂಡಲಗಿ ಕಡೆಯ ಹಳ್ಳಿಯೊಂದರಲ್ಲಿ ಹಾಡಿಕೆ ಮುಗಿದ ಮುಂಜಾನೆ. ನಮಗೆ ಊಟ ಹಾಕುವ ಮನೆಯಲ್ಲಿ ವಯಸ್ಸಾದ ಒಬ್ಬ ಆಯಿ ಇದ್ದಳು. ರೊಟ್ಟಿ ಬುಟ್ಟಿ ಹಿಡಿದು ಸಾಲಾಗಿ ಬಡಿಸುತ್ತ ಬಂದವಳು ಕಾಕಾನ ತಾಟು ದಾಟಿ ಮುಂದೆ ಹೋದಳು.

"ಆಯಿ, ನನಗ ಹಾಕಲಿಲ್ಲ."

"ಗಂಡಸರು ಎಲ್ಲಾದರಾಗೂ ಹೆಚ್ಚ ಅಂತ ಹಾಡಿದ್ರೆಲ್ಲ? ಹಿಟ್ಟ ಅಲ್ಲೈತಿ, ಒಲಿ ಅಲ್ಲೈತಿ. ರೊಟ್ಟಿ ಬಡಕೊಂಡ ಉಣ್ರಿ."

"ಅದು ಹಾಡಿನ ಮಾತ ಆಯಿ, ನನ್ನ ಮಾತಲ್ಲ."

"ಬಾಯಿ ಯಾರದಿತ್ತು?"

ಮುಂಜಾನೆಯ ಹೊತ್ತು, ಡಪ್ಪು ಚೀಲದೊಳಗಿತ್ತು, ಕಾಸಲು ಹೋಗುವಂತೆಯೂ ಇರಲಿಲ್ಲ. ಬರೇ ತಾಟು ನೋಡುತ್ತ ಕುಳಿತರು. ನಾನು ಗೀ ಎನ್ನಲೂ ಹೆದರಿ ಬಾಯ್ತುಂಬ ರೊಟ್ಟಿ ತುಂಬಿಕೊಂಡೆ. ಸ್ವಲ್ಪ ಹೊತ್ತಿಗೆ ಅಕ್ಕ ಎದ್ದು ಹೊರಗೆ ಹೋದರು. ಕಾಕಾನೂ ಕೈ ತೊಳೆಯುವ ನೆವದಲ್ಲಿ ಹೋದರು. ಗಾಡಿಯ ಹಿಂದೆ ನಿಂತು ಅಕ್ಕ ಸೆರಗಿನೊಳಗಿಂದ ರೊಟ್ಟಿ, ಝುಣಕ ತೆಗೆದು ಕೊಡುವುದಕ್ಕೂ ಆಯಿ ಅಂಗಳಕ್ಕೆ ಬರುವುದಕ್ಕೂ ಸರಿಯಾಯಿತು. ಆಯಿ ಓಣಿಯ ಹೆಂಗಸರನ್ನೆಲ್ಲ ಕೂಗಿ ಕರೆದಳು.

"ಬರ್ರೆವಾ, ನೋಡ್ರಿಲ್ಲೆ! ನಮ್ಮ ವಕೀಲ ಎದುರಿನ ಪಾರ್ಟಿ ಕೂಡ ಸೇರ್ಯಾಳ!"

ಕಾದದ್ದು ಹೆಚ್ಚಾಯಿತು

ಬೇಸಗೆಯಲ್ಲಿ ಕೌಜಲಗಿಯ ಹತ್ತಿರ ಒಂದು ಹಾಡಿಕೆ. ಗಾಳಿ ಇಲ್ಲ, ಕುಳಿತಲ್ಲೇ ಬೆವರು. ಅಂಥ ಸೆಕೆಯಲ್ಲೂ ಅಕ್ಕನ ಸವಾಲಿಗೆ ಕಾಕಾನ ಡಪ್ಪು ಸಡಿಲಾಯಿತು. ಎದ್ದು ಚಹಾದ ಅಂಗಡಿಯ ಒಲೆಗೆ ಹೋದರು. ಈ ಸಲ ಜವಾಬು ಕಟ್ಟಿಯೇ ಬರಬೇಕೆಂಬ ಹಟ. ಬೆಂಕಿಯ ಮುಂದೆ ಕುಳಿತು ತುಟಿಯಲ್ಲೇ ಸಾಲು ಜೋಡಿಸಿದರು, ಮುರಿದರು, ಮತ್ತೆ ಜೋಡಿಸಿದರು. ಅಂಗಡಿಯವ "ಕಾಕಾ, ಸಾಕ್ರಿ" ಎಂದದ್ದೂ ಕಿವಿಗೆ ಬೀಳಲಿಲ್ಲ. ಕಡೆಗೆ ಡಬ್ ಎಂದು ಚರ್ಮ ಹರಿಯಿತು.

ಹರಿದ ಡಪ್ಪು ಹಿಡಿದು ಕಾಕಾ ಬಂದಾಗ ಮಂದಿ ಹೊಟ್ಟೆ ಹಿಡಿದು ನಕ್ಕರು. ಅಕ್ಕ ನಗಲಿಲ್ಲ. ತಮ್ಮದೇ ಡಪ್ಪು ತಂದು ಕಾಕಾನ ಕೈಗಿಟ್ಟು ಮೆಲ್ಲಗೆ ಹೇಳಿದರು:

"ಇದ ಚಲೋ ಕಾಯ್ದೈತ್ರಿ ಅಣ್ಣಾ. ಈಗ ಹೇಳ್ರಿ ಜವಾಬ."

ಸನ್ಮಾನದ ಡಪ್ಪು

ಗೋಕಾಕದಲ್ಲಿ ಒಂದು ಸಂಘದವರು ಕಾಕಾನಿಗೆ ಸನ್ಮಾನ ಮಾಡಿದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಅದರ ಸಂಗಡ ಹೊಳೆಯುವ ಒಂದು ಪ್ಲಾಸ್ಟಿಕ್ ಹಾಳೆಯ ಡಪ್ಪು. "ಇದಕ್ಕ ಥಂಡಿ ಹತ್ತೂದಿಲ್ಲ, ಮಳಿ ಹತ್ತೂದಿಲ್ಲ, ಕಾಸೂ ತ್ರಾಸ ಇಲ್ರಿ" ಎಂದು ಅಧ್ಯಕ್ಷರು ಮೈಕಿನಲ್ಲೇ ಹೇಳಿದರು. ಕಾಕಾ ಖುಷಿಯಿಂದ ಅದನ್ನೇ ಬಾರಿಸುತ್ತ ಹಾಡಿದರು. ಅಕ್ಕನ ಸರದಿ ಬಂತು, ಅದೇ ಸವಾಲು ಬಂತು. ರೂಢಿ ಎಲ್ಲಿ ಬಿಡುತ್ತದೆ? ಕಾಕಾ ಹೆಬ್ಬೆರಳು ಒತ್ತಿ, "ಡಪ್ಪು ಸಡಲ ಆಗೇತ್ರಿ, ಕಾಸ್ಕೊಂಡ..." ಎಂದು ಎದ್ದರು.

ಹಿಂದಿನಿಂದ ಯಾರೋ ಕೂಗಿದರು: "ಕಾಕಾ, ಕರಗತೈತ್ರಿ!"

ಆ ನಗೆ ನಿಲ್ಲಲೇ ಇಲ್ಲ. ಕಾಕಾ ಅರ್ಧಕ್ಕೇ ಮಂಗಳ ಹಾಡಿ ಇಳಿದರು. ಗಾಡಿಯಲ್ಲಿ ಅಕ್ಕ ಎಂದಿನಂತೆ ಪೇರಲ ಹೆಚ್ಚಿ ಕೊಟ್ಟರೆ ಮುಖ ತಿರುಗಿಸಿದರು. ಘೋಡಗೇರಿಯಲ್ಲಿ ಅಕ್ಕ ಇಳಿಯುವಾಗ ಕಾಕಾ ಅವರತ್ತ ನೋಡದೆಯೇ ಹೇಳಿದರು, "ಮುಂದಿನ ಹಾಡಿಕಿಗೆ ಜವಾಬ ಕೊಟ್ಟ ಕೊಡ್ತೇನಿ."

"ಕೊಡ್ರಿ ಅಣ್ಣಾ. ನಾ ಎಲ್ಲಿ ಓಡಿ ಹೊಂಟೇನಿ?" ಎಂದು ಅಕ್ಕ ನಕ್ಕರು.

ಆಸ್ಪತ್ರೆಯ ಚಹಾ

ಅಕ್ಕ ಓಡಿ ಹೋಗಲಿಲ್ಲ, ಅವರ ದನಿ ಹೋಯಿತು. ಗಂಟಲಲ್ಲಿ ಗಂಟಾಗಿ ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಜೀವಕ್ಕೇನೂ ಭಯವಿಲ್ಲ, ಆದರೆ ಇನ್ನು ಹಾಡುವುದಂತೂ ಇಲ್ಲ, ಮಾತೂ ಬರುವುದು ಕಷ್ಟ ಎಂದು ಡಾಕ್ಟರು ಹೇಳಿದರಂತೆ.

ನಾನು, ಕಾಕಾ ನೋಡಲು ಹೋದೆವು. ಕಾಕಾ ಮಂಚದ ಬಾಜೂ ಕುಳಿತು ಮಳೆಯ ಬಗ್ಗೆ ಹೇಳಿದರು, ಜೋಳದ ಬಗ್ಗೆ ಹೇಳಿದರು, ಬಸ್ಸಿನ ಗದ್ದಲದ ಬಗ್ಗೆ ಹೇಳಿದರು. ಎದುರಿನಿಂದ ಮಾತು ಬರದೆ ಒಂದೊಂದೂ ಅರ್ಧಕ್ಕೆ ನಿಂತಿತು. ಆಗ ಅಕ್ಕ ಎರಡು ಬೆರಳಿಂದ ಮಂಚದ ಕಬ್ಬಿಣದ ಪಟ್ಟಿಯ ಮೇಲೆ ತಾಳ ಬಡಿದರು. ಅದೇ ಸವಾಲಿನ ತಾಳ. ಕಾಕಾನಿಗೂ ತಿಳಿಯಿತು, ನನಗೂ ತಿಳಿಯಿತು. ಕಾಕಾನ ಕೈ ಬಗಲು ತಡಕಿತು. ಡಪ್ಪು ತಂದಿರಲಿಲ್ಲ.

"ಚಹಾ... ಚಹಾ ಕಾಸಿಸ್ಕೊಂಡ ಬರ್ತೇನಿ" ಎಂದು ಎದ್ದು ಹೊರಟರು. ಡಪ್ಪು ಇಲ್ಲದಿದ್ದರೂ ಮನುಷ್ಯ ಏನನ್ನಾದರೂ ಕಾಸಲೇಬೇಕಲ್ಲ. ಅಕ್ಕ ದನಿಯಿಲ್ಲದೆ ನಕ್ಕರು, ಭುಜ ಮಾತ್ರ ಕುಣಿಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಕಾಕಾನನ್ನು ನಗಿಸೋಣವೆಂದು ನಾನು ಹೇಳಿದೆ, "ಗೆದ್ರೆಲ್ಲ ಕಾಕಾ. ಇನ್ನ ನಿಮಗ ಎದುರಾಳಿನ ಇಲ್ಲ."

"ಅದನ್ನ ಆಕಿ ಕೇಳಿದ್ದಲೇ, ತಮ್ಮಾ" ಎಂದರು.

ಎರಡೂ ಕಡೆಯ ವಕಾಲತ್ತು

ಆಮೇಲೆ ಬಹಳ ದಿನ ಕಾಕಾ ಹಾಡಿಕೆ ಒಪ್ಪಿಕೊಳ್ಳಲಿಲ್ಲ. ಕಡೆಗೆ, ಬಸ್ ಹತ್ತಿಸಿ ಕಳಿಸಲು ನೋಡಿದ ಅದೇ ಹುಕ್ಕೇರಿ ಕಡೆಯ ಊರಿನವರು ಬಿಡದೆ ಕರೆದರು. ನಾಗೇಶಿ ಹಾಡಲು ಬೇರೆ ಮೇಳ ಗೊತ್ತು ಮಾಡಿದ್ದರು, ಆ ಮೇಳ ಬರಲೇ ಇಲ್ಲ. ಮಂದಿ ಕುಳಿತಾಗಿದೆ. ಹಿರಿಯರು ಕೈ ಕೈ ಹಿಸುಕಿಕೊಂಡರು. "ಎದುರಾಳಿ ಇಲ್ಲಂದ್ರ ಹೆಂಗ್ರಿ?"

"ಎರಡೂ ಕಡಿ ನಾನ ಹಾಡ್ತೇನಿ" ಎಂದರು ಕಾಕಾ.

ಅವರು ಹಾಗೆ ಯಾಕೆ ಒಪ್ಪಿದರೆಂಬುದು ವೇದಿಕೆ ಹತ್ತಿದ ಮೇಲೆ ನನಗೆ ತಿಳಿಯಿತು. ಘೋಡಗೇರಿಯಿಂದ ಅಕ್ಕ ಸೊಸೆಯನ್ನು ಕರೆದುಕೊಂಡು ಕೇಳಲು ಬಂದಿದ್ದರು. ಮುಂದಿನ ಸಾಲಿನಲ್ಲೇ ಕುಳಿತಿದ್ದರು.

ಕಾಕಾ ರುಮಾಲು ಸುತ್ತಿ ಗಂಡಾಗಿ ಹಾಡಿದರು. ರುಮಾಲು ತೆಗೆದು, ಸನ್ಮಾನದ ಶಾಲನ್ನು ಸೆರಗಿನಂತೆ ಹೊದ್ದು ಹೆಣ್ಣಾಗಿ ಹಾಡಿದರು. ಮಂದಿ ಬಿದ್ದು ಬಿದ್ದು ನಕ್ಕರು. ನನಗೋ ಯಾರ ಕಡೆ ಗೀ ಎನ್ನಬೇಕೆಂಬುದೇ ತಿಳಿಯದೆ ಎರಡೂ ಕಡೆ ಗೀ ಎಂದೆ. ನೋಡನೋಡುತ್ತ ರುಮಾಲಿನವನ ದನಿ ಸಪ್ಪಗಾಯಿತು, ಸೆರಗಿನವಳ ದನಿ ಏರಿತು. ಅಕ್ಕ ಎಲ್ಲಿ ಎಳೆಯುತ್ತಿದ್ದರೋ ಅಲ್ಲೇ ಎಳೆದರು, ಎಲ್ಲಿ ತಡೆದು ನಿಲ್ಲುತ್ತಿದ್ದರೋ ಅಲ್ಲೇ ನಿಂತರು. ಇಷ್ಟು ವರ್ಷ ಎದುರು ನಿಂತು ಜಗಳಾಡಿದವರು ಇಷ್ಟು ಆಸೆಯಿಂದ ಕೇಳಿಸಿಕೊಂಡಿದ್ದರೇ? ನನಗೆ ಅಳು ಬಂತು. ಕಡೆಗೆ ಸೆರಗಿನವಳು ಅದೇ ಸವಾಲು ಹಾಕಿದಳು.

ಎದುರಿಗಿ ನಾನು ಇಲ್ಲದ ದಿನಾ
ಗೆಲ್ಲಾಂವ ಯಾರನ ಹೇಳೋ ಜಾಣಾ

ಕಾಕಾ ಶಾಲು ಇಳಿಸಿ ರುಮಾಲು ಸುತ್ತಿದರು. ಹೆಬ್ಬೆರಳು ತಾನಾಗಿಯೇ ಡಪ್ಪಿನ ಮೇಲೆ ಹೋಯಿತು. ಹಳೆಯ ಚರ್ಮದ ಡಪ್ಪನ್ನೇ ತಂದಿದ್ದರು. "ಡಪ್ಪು..." ಎಂದು ಬಾಯಿ ತೆಗೆದರು.

ಮುಂದಿನ ಸಾಲಿನಿಂದ ಅಕ್ಕ ಎದ್ದರು. ಸೊಂಟದ ಸಂಚಿಯಿಂದ ಕಡ್ಡಿಪೆಟ್ಟಿಗೆ ತೆಗೆದು, ವೇದಿಕೆಯ ಅಂಚಿಗಿಟ್ಟು, ಹೋಗಿ ಕುಳಿತರು.

ಒಂದು ಗಳಿಗೆ ಯಾರಿಗೂ ಹೊಳೆಯಲಿಲ್ಲ. ಹೊಳೆದ ಮೇಲೆ ಎದ್ದ ನಗೆಗೆ ಮೈಕು ಕಿರುಚಿತು. ಕಾಕಾ ಬಗ್ಗಿ ಕಡ್ಡಿಪೆಟ್ಟಿಗೆ ಎತ್ತಿಕೊಂಡು ನೋಡುತ್ತ ನಿಂತರು. ಕಾಸಲು ಹೋಗಲಿಲ್ಲ. ರುಮಾಲು ತೆಗೆದು, ಮೈಕಿನಿಂದ ಮುಖ ಆಚೆ ತಿರುಗಿಸಿ, "ಸೋತೆ" ಎಂದರು.

ನಾನು ರೂಢಿಯಂತೆ ತಂತಿ ಮೀಟಿ, "ಗೀಯ ಗಾ ಗೀಯ" ಎಂದುಬಿಟ್ಟೆ.

ಅಕ್ಕ ಕಿವಿಗೆ ಕೈ ಹಚ್ಚಿ, ಕೇಳಿಸಲಿಲ್ಲ ಎಂಬಂತೆ ತಲೆಯಾಡಿಸಿದರು. ಆಮೇಲೆ ಬೆರಳಿನಿಂದ ಮೈಕು ತೋರಿಸಿದರು.

ಕಾಕಾ ಮೈಕಿಗೆ ಬಂದರು. "ಸೋತೆ ತಂಗಿ. ಮೊದಲನೇ ಸಲ ಕೇಳಿದಾಗನ ಸೋತಿದ್ದೆ. ನಿನ್ನ ದನಿ ಇದ್ದಾಗ ಹೇಳಬೇಕಾಗಿತ್ತು, ನೀ ಏನಾರ ಅಂದು ಹಾಡ್ತಿದ್ದಿ. ತಡಾ ಮಾಡಿಬಿಟ್ಟೆ."

ಈ ಸಲ ನಾನು ಗೀ ಎನ್ನಲಿಲ್ಲ. ಆ ಮಾತಿಗೆ ಅಕ್ಕ ಏನೆಂದು ಹಾಡುತ್ತಿದ್ದರೋ ನಮಗಿನ್ನು ಗೊತ್ತಾಗುವಂತಿಲ್ಲ. ನಕ್ಕ ಮಂದಿಯೆಲ್ಲ ಕಣ್ಣೊರೆಸಿಕೊಂಡರು. ಅಕ್ಕ ಮತ್ತೆ ಎದ್ದು ವೇದಿಕೆಯ ಹತ್ತಿರ ಬಂದು ಕೈ ಚಾಚಿದರು. ಕಾಕಾ ಮೊಣಕಾಲೂರಿ ಕುಳಿತು, ಆ ಕೈಯನ್ನು ಎರಡೂ ಕೈಯಿಂದ ಹಿಡಿದು ಕಣ್ಣಿಗೊತ್ತಿಕೊಂಡು ಗಳಗಳನೆ ಅತ್ತರು. ಅಕ್ಕ ಕೈ ಕೊಸರಿಕೊಂಡು ಮತ್ತೆ ಚಾಚಿದರು. ಕಾಕಾ ಮತ್ತೆ ಹಿಡಿದರು. ಅಕ್ಕ ಮತ್ತೆ ಕೊಸರಿಕೊಂಡರು.

ಕಡೆಗೆ ಸೊಸೆಯೇ ಓಡಿ ಬಂದಳು.

"ಕೈ ಅಲ್ರಿ ಕಾಕಾ, ಕಡ್ಡಿಪೆಟ್ಟಿಗಿ ಕೇಳಾಕತ್ತಾರ! ಬರೂಮುಂದ ಒಲಿ ಕಟ್ಟಿಮ್ಯಾಲಿಂದ ಎತ್ಕೊಂಡ ಬಂದಾರ್ರಿ, ಮನ್ಯಾಗ ಇರೂದು ಅದೊಂದ!"