ಬಣ್ಣ ಒಣಗದ ಪಿಸ್ತೂಲು

ನನ್ನ ಅಕ್ಷರ ಸೊಟ್ಟ, ಪದಗಳೂ ಕಡಿಮೆ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು, ಮನ್ನಿಸಿ. ಆದರೆ ನನ್ನ ಕೈಕೆಲಸದಲ್ಲಿ ತಪ್ಪು ಹುಡುಕಲು ಭೂತಕನ್ನಡಿ ಬೇಕು ಎಂದು ಹೋದ ವಾರದವರೆಗೂ ನಂಬಿದ್ದೆ.

ನಾನು ಕೆಲಸ ಮಾಡುವುದು ಅಮ್ಮನ ತಮ್ಮನ ಅಂಗಡಿಯಲ್ಲಿ. ನಾಟಕದವರಿಗೆ ಗಡ್ಡ, ಕಿರೀಟ, ಕತ್ತಿ ಬಾಡಿಗೆಗೆ ಕೊಡುತ್ತೇವೆ. ಒಂದು ಪತ್ತೇದಾರಿ ನಾಟಕಕ್ಕೆ ಪಿಸ್ತೂಲು ಬೇಕಾಯಿತು.

"ನಿಜವಾದ ಪಿಸ್ತೂಲೇ ನಾಚಬೇಕು ಮಾಮ, ಹಾಗೆ ಮಾಡ್ತೀನಿ" ಎಂದೆ.

ಹನ್ನೊಂದು ದಿನ ಮರ ಕೆತ್ತಿ, ಉಜ್ಜಿ, ಮೂರು ಸಲ ಕಪ್ಪು ಬಣ್ಣ ಬಳಿದು, ಒಣಗಲೆಂದು ಕಿಟಕಿಯ ಸರಳಿಗೆ ಕಟ್ಟಿದೆ. ಮೂತಿ ಬೀದಿಯ ಕಡೆಗಿತ್ತು. ಎದುರು ಮನೆಯವರು ಪೊಲೀಸರಿಗೆ ಫೋನ್ ಮಾಡಿದರು.

ಅರ್ಧ ಗಂಟೆಯಲ್ಲಿ ಇನ್‌ಸ್ಪೆಕ್ಟರು ಬಂದರು. ಹೊಸಬರೆದುರು ನನಗೆ ಮಾತೇ ಹೊರಡುವುದಿಲ್ಲ. ಆದರೆ ಅವರ ಕಣ್ಣು ಪಿಸ್ತೂಲಿನ ಮೇಲೆ ಬಿದ್ದದ್ದೇ ತಡ, ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತೆ.

"ಪಕ್ಕಕ್ಕೆ ಸರಿಯಮ್ಮ."

"ಆಗಲ್ಲ ಸಾರ್. ಇನ್ನೂ ಎರಡು ಗಂಟೆ ಬೇಕು."

"ಯಾತಕ್ಕೆ?"

"ಬಣ್ಣ ಒಣಗೋಕೆ."

ಅವರು ನನ್ನ ತೋಳಿನಡಿ ನುಸುಳಿ ಅದನ್ನು ಕಿತ್ತುಕೊಂಡರು. ಅಂಗೈ ಕಪ್ಪಾಯಿತು. ಅದೇ ಅಂಗೈಯಿಂದ ಬೆವರು ಒರೆಸಿಕೊಂಡರು, ಹಣೆಯೂ ಕಪ್ಪಾಯಿತು. ಮಾಮನ ಮೇಲೆ ಅಸಲಿಯಂತೆಯೇ ಕಾಣುವ ನಕಲಿ ಪಿಸ್ತೂಲು ಇಟ್ಟುಕೊಂಡ ಕೇಸು, ನನ್ನ ಮೇಲೆ ಪೊಲೀಸರಿಗೆ ಅಡ್ಡಿಪಡಿಸಿದ ಕೇಸು.

ಠಾಣೆಯ ಬೆಂಚಿನ ಮೇಲೆ ಮಾಮ ಪಿಸುಗುಟ್ಟಿದರು: "ನೋಡಿದ ತಕ್ಷಣ ಆಟಿಕೆ ಅಂತ ಗೊತ್ತಾಗುತ್ತೆ ಅಂದ್ಬಿಡು. ಇಲ್ಲಾಂದ್ರೆ ಅಂಗಡಿಗೆ ಬೀಗ, ನನಗೆ ಜೈಲು."

"ಹೇಗೆ ಹೇಳ್ಲಿ ಮಾಮ? ಗೊತ್ತಾಗಬಾರದು ಅಂತ ತಾನೇ ಹನ್ನೊಂದು ದಿನ ಉಜ್ಜಿದ್ದು."

"ನಿನ್ನ ಕೈಚಳಕ ಉಳಿಸೋಕೆ ನಾನು ಒಳಗೆ ಹೋಗ್ಲಾ ತಾಯಿ?"

ಅವರ ಮುಖ ನೋಡಿ ಎದ್ದು ನಿಂತೆ. "ಸಾರ್, ಅದು ನೋಡೋಕೆ..." ಎಂದು ಶುರು ಮಾಡಿದೆ.

ಅಷ್ಟರಲ್ಲಿ ವಯಸ್ಸಾದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಪಿಸ್ತೂಲನ್ನು ತಿರುಗಿಸಿ ನೋಡಿ ಕೇಳಿದರು, "ಗುಂಡು ಎಲ್ಲಿಂದ ಹೊರಗೆ ಬರುತ್ತೆ ಮಗಳೇ?"

ಬಗ್ಗಿ ನೋಡಿದೆ. ನಳಿಗೆಯ ತುದಿ ನುಣ್ಣಗೆ, ಮೂರು ಪದರ ಬಣ್ಣದಲ್ಲಿ ಮಿರಮಿರ ಮಿಂಚುತ್ತಿತ್ತು. ತೂತು ಕೊರೆಯುವುದನ್ನೇ ಮರೆತಿದ್ದೆ. ಭೂತಕನ್ನಡಿ ಬೇಕಾಗಲೇ ಇಲ್ಲ. ನನ್ನ ತಪ್ಪಿಗೆ ಮಾಮ ಅಷ್ಟು ಖುಷಿಪಟ್ಟಿದ್ದು ಅದೇ ಮೊದಲು.

ಅವರ ಕೇಸು ಅಲ್ಲಿಗೇ ಮುಗಿಯಿತು. ನನ್ನದು ಇನ್‌ಸ್ಪೆಕ್ಟರ ಹಣೆಯ ಮೇಲಿನ ಬಣ್ಣದಂತೆ ಇನ್ನೂ ಹೋಗಿಲ್ಲ. ನಾಳೆ ಬೆಳಿಗ್ಗೆ ಸೀಮೆಎಣ್ಣೆ, ಹಳೇ ಬಟ್ಟೆ ಹಿಡಿದುಕೊಂಡು ಠಾಣೆಗೆ ಹೋಗಿ ಕ್ಷಮೆ ಕೇಳುತ್ತೇನೆ.